ಹವ್ಯಾಸದ ಕಾಲಮ್ಮಿನಲ್ಲಿ ಒಂದು ಗೀಟು

೧

ಡಿಗ್ರಿ ಮೊದಲ ವರ್ಷ. ಹಾಸ್ಟೆಲ್ಲಿನ ವರಾಂಡದಲ್ಲಿ ಕೂತು ಅರ್ಜಿ ತುಂಬುತ್ತಿದ್ದೆವು. ಹೆಸರು, ತಂದೆಯ ಹೆಸರು, ಜಾತಿ, ಉಪಜಾತಿ, ವಾರ್ಷಿಕ ವರಮಾನ. ಇವೆಲ್ಲ ನಮ್ಮಂಥವರಿಗೆ ಮಗ್ಗಿಯಷ್ಟೇ ಬಾಯಿಪಾಠ. ಒಂದನೇ ಕ್ಲಾಸಿನಿಂದ ತುಂಬಿ ತುಂಬಿ ಕೈ ಪಳಗಿರುತ್ತದೆ. ಆದರೆ ಈ ಸಲ ಕೊನೆಯಲ್ಲಿ ಹೊಸದೊಂದು ಕಾಲಂ ಇತ್ತು: ‘ಹವ್ಯಾಸಗಳು’. ನಾನು ಹಿಂದೆಮುಂದೆ ನೋಡದೆ ‘ಪುಸ್ತಕ ಓದುವುದು, ಕ್ರಿಕೆಟ್ ಆಡುವುದು’ ಅಂತ ಬರೆದೆ. ಎರಡೂ ಅರ್ಧ ಸುಳ್ಳು. ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಅಂತ ಅಲ್ಲಿಯವರೆಗೆ ನಾನು ಕಂಡಿದ್ದು ಮೂರೋ ನಾಲ್ಕೋ. ಕ್ರಿಕೆಟ್ಟಿನಲ್ಲಿ ನನಗೆ ಸಿಗುತ್ತಿದ್ದದ್ದು ಬೇಲಿ ಹಾರಿ ಚೆಂಡು ತರುವ ಕೆಲಸ.

ಪಕ್ಕದಲ್ಲಿ ಕೂತಿದ್ದವನು ಪೆನ್ನು ಕಚ್ಚುತ್ತಾ ಕೇಳಿದ:

‘ಲೇ, ಹವ್ಯಾಸ ಅಂದ್ರೆ ಏನ್ಲಾ?’

‘ಬಿಡುವಾದಾಗ ಏನು ಮಾಡ್ತೀಯೋ ಅದು.’

‘ಬಿಡುವಾದಾಗ ಕೆಲ್ಸ ಹುಡಿಕ್ತೀನಿ ಕಣ್ಲಾ.’

ಇಬ್ಬರೂ ನಕ್ಕೆವು. ಅವನು ಆ ಕಾಲಂ ಖಾಲಿ ಬಿಟ್ಟು ಅರ್ಜಿ ಕೊಟ್ಟ. ಗುಮಾಸ್ತರು ವಾಪಸ್ ಕೊಟ್ಟರು. ‘ಖಾಲಿ ಬಿಡಬಾರದು ಕಣಪ್ಪ, ಏನಾದ್ರೂ ಹಾಕು’ ಅಂದರು. ಅವನು ನಿಂತಲ್ಲೇ ಪೆನ್ನು ತೆಗೆದು ಆ ಜಾಗದಲ್ಲಿ ಒಂದು ಗೀಟು ಎಳೆದ. ಅನ್ವಯಿಸುವುದಿಲ್ಲ ಅನ್ನೋ ಕಡೆ ಎಳೀತಾರಲ್ಲ, ಅಂಥ ಗೀಟು. ಅರ್ಜಿ ಸ್ವೀಕಾರವಾಯಿತು.

ಆ ಗೆಳೆಯ ಈಗ ಇಲ್ಲ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ‘ನನ್ನ ಮೊಗನ ಹೆಸ್ರು ಪೇಪರ್ನಲ್ಲಿ ಬ್ಯಾಡ ಕನಪ್ಪ’ ಅಂತ ಅವನ ಅವ್ವ ಅಂದಿದ್ದಾಳೆ. ಅದಕ್ಕಿಂತ ಹೆಚ್ಚಿನ ಕಾರಣ ನನಗೆ ಬೇಕಿಲ್ಲ. ಮೂರು ವರ್ಷ ಒಂದೇ ರೂಮಿನಲ್ಲಿ ಮಲಗಿದವನನ್ನು ನೆನೆಯುವುದಕ್ಕೆ ಕೂತರೆ ನನಗೆ ಮತ್ತೆ ಮತ್ತೆ ಅಡ್ಡ ಬರುವುದು ಆ ಗೀಟು. ಕವಿತೆ ಬರೆಯೋಣ ಅಂತ ಎಷ್ಟೋ ಸಲ ಕೂತೆ. ಆಗಲಿಲ್ಲ. ಆ ಗೀಟಿಗೆ ಒಂದು ಚರಿತ್ರೆ ಇದೆ ಅಂತ ಆಮೇಲೆ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

೨

ನಮ್ಮ ನಾಡಿನಲ್ಲಿ ಹವ್ಯಾಸದ ಬಗ್ಗೆ ಬರವಣಿಗೆ ಇಲ್ಲ ಅಂತ ಯಾರೂ ತಿಳಿಯಬೇಡಿ. ಬೇಕಾದಷ್ಟಿದೆ. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ೧೧೩೦ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅನ್ನೋ ಗ್ರಂಥ ಬರೆಸಿದ. ಅದರಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ನಾಲ್ಕನೆಯ ಭಾಗ ಪೂರ್ತಿ ವಿನೋದ. ಐದನೆಯದು ಪೂರ್ತಿ ಕ್ರೀಡೆ. ಅಂದರೆ ರಾಜನಾದವನು ತಿಳಿದಿರಬೇಕಾದ ನೂರು ಸಂಗತಿಗಳಲ್ಲಿ ನಲವತ್ತು ಹೊತ್ತು ಕಳೆಯುವುದಕ್ಕೆ ಸಂಬಂಧಿಸಿದವು! ಕುಸ್ತಿ, ಟಗರು ಕಾಳಗ, ಕೋಳಿ ಅಂಕ, ಬೇಟೆ, ಸಂಗೀತ, ನಾಟ್ಯ, ಕತೆ ಕೇಳುವುದು, ಗಾಳ ಹಾಕಿ ಮೀನು ಹಿಡಿಯುವುದು. ಯಾವ ಮೀನಿಗೆ ಯಾವ ಮೇವು, ಗಾಳದ ದಾರ ಹೇಗಿರಬೇಕು ಅನ್ನುವುದೂ ಅಲ್ಲಿದೆ.

ರಾಜ ಮೀನು ಹಿಡಿದ. ಮೇವು ಕಲೆಸಿದವರು ಯಾರು? ದಾರ ಹೊಸೆದವರು ಯಾರು? ಆ ರಾತ್ರಿ ಅವರು ಏನು ಮಾಡಿದರು? ಸುಸ್ತಾಗಿ ಮಲಗಿದರಾ, ಹಾಡಿದರಾ? ಅದಕ್ಕೊಂದು ಅಧ್ಯಾಯ ಇಲ್ಲ.

ನಮ್ಮ ತಾತ ಜೀತಕ್ಕಿದ್ದವನು. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ ಅಂತ. ಆ ದಿನ ಎತ್ತಿಗೆ ರಜ. ಒಳ್ಳೆಯ ಪದ್ಧತಿಯೇ. ನನಗೆ ಎತ್ತಿನ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ತಾತನಿಗೆ ಸೋಮವಾರ ಅಂದರೆ ಏನು ಗೊತ್ತಾ? ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜುವ ದಿನ. ಕೊಟ್ಟಿಗೆ ಬಳಿದು ಹಸನು ಮಾಡುವ ದಿನ. ಸೌದೆ ಒಡೆಯುವ ದಿನ. ‘ಎತ್ತು ಮಲಕ್ಕಂಡು ಮೆಲುಕು ಹಾಕ್ತಿತ್ತು, ನಾನು ಅದರ ಸಗಣಿ ಎತ್ತುತಿದ್ದೆ’ ಅನ್ನುತ್ತಿದ್ದ ತಾತ. ಹೇಳುವಾಗ ನಗುತ್ತಿದ್ದ. ವಾರಕ್ಕೊಂದು ದಿನ ದಣಿವಾರಿಸಿಕೊಳ್ಳಬೇಕು ಅನ್ನೋ ಧರ್ಮ ನಮ್ಮ ಊರಿಗೆ ಗೊತ್ತಿತ್ತು. ಅದು ಎತ್ತಿನವರೆಗೆ ಬಂದು ನಿಂತುಬಿಟ್ಟಿತ್ತು. ಹಟ್ಟಿಯ ಮನುಷ್ಯನವರೆಗೆ ಬರಲಿಲ್ಲ.

ಜೀತ ಕಾನೂನಿನಲ್ಲಿ ಹೋಗಿದ್ದು ೧೯೭೫ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, ೧೯೭೬ರಲ್ಲಿ ಕಾಯಿದೆಯಾಯಿತು. ಜೀತ ಅಂದರೆ ಸಾಲ, ಕೂಲಿ, ಹಸಿವು ಅಂತ ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದು ನಿಜ. ಆದರೆ ಜೀತದಲ್ಲಿ ಧಣಿ ಇನ್ನೊಂದನ್ನೂ ಅಡವಿಟ್ಟುಕೊಳ್ಳುತ್ತಿದ್ದ: ಸಂಜೆಯನ್ನು. ಜೀತಗಾರನ ಸಂಜೆ ಅವನದಲ್ಲ. ಧಣಿ ಯಾವಾಗ ಕೂಗಿದರೂ ಓಡಬೇಕು. ಹಾಗೆ ಕಿವಿ ನಿಮಿರಿಸಿಕೊಂಡು ಕೂತವನಿಗೆ ಎಂಥ ಹವ್ಯಾಸ? ಯಾರಾದರೂ ಹುಡುಗ ತಲೆ ಬಾಚಿಕೊಂಡು ಕೊಳಲು ಊದುತ್ತಾ ಬೀದಿಯಲ್ಲಿ ನಡೆದರೆ ಜಗಲಿಯಿಂದ ಮಾತು ಬರುತ್ತಿತ್ತು: ‘ಏನ್ಲಾ, ಸೋಕಿ ಜಾಸ್ತಿ ಆಯ್ತಾ?’ ಅವರು ಮಾಡಿದರೆ ವಿನೋದ, ನಾವು ಮಾಡಿದರೆ ಸೋಕಿ. ನಮ್ಮ ಭಾಷೆಯ ಒಳಗೇ ಈ ಪಂಕ್ತಿಭೇದ ಇದೆ.

೩

ಹಾಗಾದರೆ ನಮ್ಮ ಜನಕ್ಕೆ ಆಟ, ಹಾಡು, ವಾದ್ಯ ಇರಲಿಲ್ಲವಾ? ಇತ್ತು. ಆದರೆ ಅದರಲ್ಲಿ ಒಂದು ಪಾಲು ನಮ್ಮ ಮನರಂಜನೆ ಆಗಿರಲಿಲ್ಲ. ನಮ್ಮನ್ನು ಮುಂದಿಟ್ಟುಕೊಂಡು ಬೇರೆಯವರು ಪಡೆದ ಮನರಂಜನೆ ಆಗಿತ್ತು.

ಕರಾವಳಿಯ ಕೊರಗರನ್ನು ನೋಡಿ. ಊರಿನ ಕಂಬಳಕ್ಕೆ ಡೋಲು ಬಡಿಯುವುದು ಅವರ ಪಾಲಿನ ಬಿಟ್ಟಿ ಚಾಕರಿ. ಕೋಣಗಳನ್ನು ಇಳಿಸುವ ಮೊದಲು ಅವರನ್ನು ಕೆಸರುಗದ್ದೆಯಲ್ಲಿ ಓಡಿಸುತ್ತಿದ್ದರು. ಬೇರೆಯವರ ರೋಗ ರುಜಿನ ಕಳೆಯಲಿ ಅಂತ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಇದಕ್ಕೆ ಅಜಲು ಅಂತ ಹೆಸರು. ಇದನ್ನು ನಿಷೇಧಿಸುವುದಕ್ಕೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯಿದೆ ಬಂದದ್ದು ೨೦೦೦ದಲ್ಲಿ. ಇಸವಿಯನ್ನು ಇನ್ನೊಂದು ಸಲ ಓದಿ. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷ ಆದಮೇಲೆ!

ಬಯಲುಸೀಮೆಯಲ್ಲಿ ತಮಟೆಯದೂ ಅದೇ ಕತೆ. ಸಾವಿಗೆ ಬಡಿ, ಜಾತ್ರೆಗೆ ಬಡಿ, ಊರ ಮಾರಿಗೆ ಬಡಿ, ಡಂಗುರಕ್ಕೆ ಬಡಿ. ದೇವರ ಮುಂದೆ ಬಡಿದವನಿಗೆ ದೇವಸ್ಥಾನದ ಒಳಗೆ ಜಾಗ ಇಲ್ಲ. ಬಡಿದ ಕೂಲಿ ಎಂದರೆ ಎಸೆದ ಅಕ್ಕಿ, ದೂರದಿಂದ ಹುಯ್ದ ಹೆಂಡ. ದಲಿತ ಚಳವಳಿ ಹಳ್ಳಿಗಳಿಗೆ ಬಂದಾಗ ಎಷ್ಟೋ ಕೇರಿಗಳಲ್ಲಿ ಹುಡುಗರು ‘ಇನ್ನು ನಾವು ಬಡಿಯಲ್ಲ’ ಅಂದರು. ಬಹಿಷ್ಕಾರ ಉಂಡರು, ಏಟು ತಿಂದರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಅದೇ ತಮಟೆ ಮುಂದೆ ನಡೆಯಿತು. ಒಂದೇ ಚರ್ಮ, ಒಂದೇ ಕಡ್ಡಿ. ಒಂದು ಕಡೆ ಕೈ ಒಲ್ಲೆ ಅಂದಿತು, ಇನ್ನೊಂದು ಕಡೆ ಕೈ ಹೂಂ ಅಂದಿತು. ಇದರಲ್ಲಿ ವಿರೋಧ ಏನೂ ಇಲ್ಲ. ಹೇಳಿಸಿಕೊಂಡು ಬಡಿಯುವುದು ಚಾಕರಿ. ತಾನೇ ಬಯಸಿ ಬಡಿಯುವುದು ಕಲೆ. ೨೦೨೩ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಸಂತೋಷ. ಆದರೆ ಪದ್ಮಶ್ರೀ ಬಂದ ತಮಟೆಯನ್ನು ಹೆಗಲಿಗೆ ಹಾಕಿಕೊಂಡವನಿಗೆ ಊರೊಳಗಿನ ಹೋಟೆಲ್ಲಿನಲ್ಲಿ ಯಾವ ಲೋಟ ಕೊಡುತ್ತಾರೆ ಅನ್ನೋದನ್ನು ಕೇಳುವವರು ಕೇಳುತ್ತಲೇ ಇರಬೇಕು.

ನನ್ನ ಗೆಳೆಯ ಈ ಎರಡರ ನಡುವೆ ಸಿಕ್ಕಿಬಿದ್ದಿದ್ದ. ಅವನ ಅಪ್ಪ ಊರ ತಮಟೆಯವರು. ಇವನೂ ಹತ್ತನೇ ವಯಸ್ಸಿನಿಂದ ಅಪ್ಪನ ಹಿಂದೆ ಸಾವುಗಳಿಗೆ ಹೋಗಿ ಬಡಿದವನು. ಪಿಯುಸಿಗೆ ಬಂದಮೇಲೆ ‘ಇನ್ನು ಬರಲ್ಲ’ ಅಂತ ಅಪ್ಪನಿಗೆ ಹೇಳಿ ಬಿಟ್ಟುಬಿಟ್ಟ. ಆದರೆ ಕೈ ಬಿಡಬೇಕಲ್ಲ! ರಾತ್ರಿ ಊಟ ಮುಗಿದ ಮೇಲೆ ರೂಮಿನಲ್ಲಿ ಕಬ್ಬಿಣದ ಟ್ರಂಕನ್ನು ಮಂಚದ ಕೆಳಗಿಂದ ಎಳೆದು, ಅದರ ಮೇಲೆ ಬೆರಳು ಆಡಿಸಲು ಶುರು ಮಾಡುತ್ತಿದ್ದ. ಮೊದಲು ಮೆಲ್ಲಗೆ. ಆಮೇಲೆ ಪಕ್ಕದ ರೂಮಿನವರು ತಟ್ಟೆ, ಬಕೀಟು ಹಿಡಿದುಕೊಂಡು ಬರೋರು. ವಾರ್ಡನ್ ಬಂದು ಕೂಗುವವರೆಗೆ ನಡೆಯುತ್ತಿತ್ತು. ನಮ್ಮ ಕೇರಂ ಬೋರ್ಡಿಗೆ ಸ್ಟ್ರೈಕರ್ ಇರಲಿಲ್ಲ, ಹೆಂಚಿನ ಚೂರನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದವನೂ ಅವನೇ. ಟಿ.ವಿ. ರೂಮಿನ ಟಿ.ವಿ. ಕೆಟ್ಟೇ ಇರುತ್ತಿತ್ತು. ನಮಗೆ ಅದರ ನೆನಪೂ ಆಗುತ್ತಿರಲಿಲ್ಲ.

ಎರಡನೇ ವರ್ಷ ಕಾಲೇಜಿನಲ್ಲಿ ಸಾಂಸ್ಕೃತಿಕ ಸ್ಪರ್ಧೆ. ‘ಜಾನಪದ ವಿಭಾಗಕ್ಕೆ ನೀನು ತಮಟೆ ಬಾರಿಸು’ ಅಂತ ಒಬ್ಬ ಅಧ್ಯಾಪಕರು ಕೇಳಿದರು. ಅವನು ಎರಡು ದಿನ ಮಾತಾಡದೆ ತಿರುಗಿದ. ಕೊನೆಗೆ ಬಾರಿಸಿದ. ಬಹುಮಾನ ಬಂತು, ಒಂದು ಪ್ಲಾಸ್ಟಿಕ್ಕಿನ ಕಪ್ಪು. ಅವತ್ತು ರಾತ್ರಿ ಕೇಳಿದ: ‘ಇದೇ ಕೈಯಲ್ಲಿ ಗೌಡ್ರ ಹೆಣದ ಮುಂದೆ ಬಡಿದಾಗ ಎಲೆ ಮೇಲೆ ಅನ್ನ ಎಸುದ್ರು. ಇವತ್ತು ಕಪ್ ಕೊಟ್ರು. ಎರಡರಲ್ಲಿ ಯಾವುದ್ಲಾ ನನ್ನ ಹವ್ಯಾಸ?’

ನಾನು ಉತ್ತರ ಕೊಡಲಿಲ್ಲ. ಅವನು ಅರ್ಜಿಯ ಕಾಲಮ್ಮಿನಲ್ಲಿ ‘ತಮಟೆ’ ಅಂತ ಯಾಕೆ ಬರೆಯಲಿಲ್ಲ ಅನ್ನೋದು ಮಾತ್ರ ಅವತ್ತು ಅರ್ಥವಾಯಿತು.

೪

ನಮ್ಮ ಜನರು ತಮಗಾಗಿ ಇಟ್ಟುಕೊಂಡ ಸಂತೋಷಗಳನ್ನು ಪಟ್ಟಿ ಮಾಡಿ ನೋಡಿ. ಹೆಚ್ಚು ಪಾಲು ರಾತ್ರಿಯವು. ಮಂಟೇಸ್ವಾಮಿ ಕತೆ, ಮಾದಪ್ಪನ ಕತೆ, ಕೋಲಾಟ, ಭಜನೆ, ಬಯಲಾಟ. ವಿದ್ವಾಂಸರು ಇವನ್ನು ‘ಅಹೋರಾತ್ರಿ ಕಾವ್ಯ’ ಅಂತ ಕರೆದು ಬೆರಗಾಗುತ್ತಾರೆ. ಬೆರಗಾಗಲಿ. ಆದರೆ ಯಾಕೆ ರಾತ್ರಿ? ಹಗಲು ನಮ್ಮದಾಗಿರಲಿಲ್ಲ. ಧಣಿ ಮಲಗಿದ ಮೇಲೆ ಉಳಿದ ಹೊತ್ತೇ ನಮ್ಮ ಹೊತ್ತು. ನಿದ್ದೆಯನ್ನು ಮಾರಿ ಹಾಡನ್ನು ಕೊಂಡರು ನಮ್ಮ ಹಿರಿಯರು. ನೀಲಗಾರರ ತಂಬೂರಿ, ಗಗ್ಗರಗಳ ಸದ್ದಿನ ಹಿಂದೆ ಈ ಲೆಕ್ಕ ಇದೆ.

ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರ ಕಾದಂಬರಿ. ಬಿ.ವಿ. ಕಾರಂತರು ಅದನ್ನು ೧೯೭೫ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಅದರಲ್ಲಿ ಚೋಮ ಕೇಳಿದ್ದು ದುಡಿಯನ್ನಲ್ಲ, ಉಳುವುದಕ್ಕೆ ಒಂದು ತುಂಡು ಭೂಮಿಯನ್ನು. ಭೂಮಿ ಸಿಗಲಿಲ್ಲ, ದುಡಿ ಉಳಿಯಿತು. ಚೋಮನ ಗುಡಿಸಲಿನಿಂದ ಕೇಳುವ ಸದ್ದನ್ನು ದೂರದಲ್ಲಿ ನಿಂತವರು ‘ಪಾಪ, ಸಂತೋಷವಾಗಿದ್ದಾನೆ’ ಅಂದುಕೊಳ್ಳಬಹುದು. ಇದು ಇವತ್ತಿಗೂ ನಡೆಯುವ ತಪ್ಪು. ಬಡವರು ಕುಣಿಯುವುದನ್ನು ಕಂಡರೆ ಸಾಕು, ಇವರಿಗೆ ಏನೂ ಕಮ್ಮಿ ಇಲ್ಲ ಅಂತ ತೀರ್ಮಾನಿಸುವ ಜನ ಇದ್ದಾರೆ.

ಇನ್ನು ಟೆಂಟ್ ಸಿನಿಮಾ. ಅದನ್ನು ಬಿಟ್ಟರೆ ಈ ಚರಿತ್ರೆ ಪೂರ್ತಿ ಆಗುವುದಿಲ್ಲ. ಕನ್ನಡದ ಮೊದಲ ಮಾತಾಡುವ ಚಿತ್ರ ‘ಸತಿ ಸುಲೋಚನ’ ಬಂದದ್ದು ೧೯೩೪ರಲ್ಲಿ. ಆಮೇಲಿನ ದಶಕಗಳಲ್ಲಿ ಟೂರಿಂಗ್ ಟಾಕೀಸುಗಳು ಹೋಬಳಿ ಹೋಬಳಿಗೂ ಬಂದವು. ನೆಲ, ಬೆಂಚು, ಕುರ್ಚಿ ಅಂತ ಕ್ಲಾಸುಗಳು. ನಮ್ಮ ಅಜ್ಜಿ ರಾಗಿ ಕುಯ್ಲಿನ ಕೂಲಿ ದುಡ್ಡಲ್ಲಿ ನೆಲದ ಟಿಕೆಟ್ ತಗೊಂಡು ‘ಬೇಡರ ಕಣ್ಣಪ್ಪ’ ನೋಡಿದವಳು. ೧೯೫೪ರ ಆ ಚಿತ್ರ ಎಷ್ಟೋ ವರ್ಷ ಊರೂರು ಸುತ್ತಿತು. ಕತೆ ನೆನಪಿಲ್ಲ ಅನ್ನುತ್ತಾಳೆ. ನೆನಪಿರೋದು ಇಷ್ಟು: ‘ನನ್ನ ಪಕ್ಕದಲ್ಲಿ ಶಾನುಬೋಗ್ರ ಮನೆ ಆಳು, ಆ ಪಕ್ಕ ಒಕ್ಕಲಗೇರಿ ಹೆಂಗುಸ್ರು ಕೂತಿದ್ರು ಕನ ಮೊಗ. ಕತ್ಲಲ್ಲಿ ಯಾರೂ ಸರಕ್ಕಳಲಿಲ್ಲ.’ ಗುಡಿ ಬಿಡಲಿಲ್ಲ, ಬಾವಿ ಬಿಡಲಿಲ್ಲ, ಟೆಂಟಿನ ನೆಲ ಬಿಟ್ಟಿತು. ಟೆಂಟಿನವನು ಕ್ರಾಂತಿಕಾರಿ ಏನಲ್ಲ, ಅವನಿಗೆ ಬೇಕಾಗಿದ್ದದ್ದು ದುಡ್ಡು. ಆದರೂ ಮನರಂಜನೆಯ ಜಾಗದಲ್ಲಿ ಸಮಾನತೆಯ ರುಚಿ ಮೊದಲು ಕಂಡ ನಮ್ಮ ಅಜ್ಜಿಯಂಥವರ ನೆನಪನ್ನು ಚರಿತ್ರೆಕಾರರು ಬರೆದುಕೊಳ್ಳಬೇಕು.

೫

ಆಟದ ಮೈದಾನಕ್ಕೆ ಬರೋಣ. ಪಾಲವಂಕರ್ ಬಾಲೂ ಅವರ ಹೆಸರು ನಮ್ಮ ಶಾಲೆಯ ಹುಡುಗರಿಗೆ ಎಷ್ಟು ಜನಕ್ಕೆ ಗೊತ್ತು? ಚಮ್ಮಾರ ಜಾತಿಯಲ್ಲಿ, ನಮ್ಮದೇ ಧಾರವಾಡದಲ್ಲಿ, ೧೮೭೦ರ ದಶಕದಲ್ಲಿ ಹುಟ್ಟಿದವರು. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿಯರ ಪೂನಾ ಕ್ಲಬ್ಬಿನಲ್ಲಿ ಪಿಚ್ ಉರುಳಿಸುವುದು, ಬಲೆ ಕಟ್ಟುವುದು ಅವರ ಕೆಲಸ. ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಜೆ.ಜಿ. ಗ್ರೀಗ್ ಎಂಬ ಸಾಹೇಬನಿಗೆ ಅಭ್ಯಾಸ ಬೇಕಾದಾಗ ಬಾಲೂ ಬೌಲಿಂಗ್ ಮಾಡಬೇಕು. ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಕೈ ಪಳಗಿತು. ಆದರೆ ಆ ಕ್ಲಬ್ಬಿನಲ್ಲಿ ಒಂದೇ ಒಂದು ಸಲವೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ಸಾಹೇಬನಿಗೆ ಅದು ಸಂಜೆಯ ಹವ್ಯಾಸ. ಬಾಲೂಗೆ ಅದು ನಾಲ್ಕು ರೂಪಾಯಿಯ ಕೂಲಿ. ಒಂದೇ ಚೆಂಡು!

ಬಿಳಿಯರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂ ತಂಡಕ್ಕೆ ಈ ಅಸ್ಪೃಶ್ಯನ ಕೈ ಬೇಕಾಯಿತು. ಸೇರಿಸಿಕೊಂಡರು. ಮೈದಾನದಲ್ಲಿ ಅದೇ ಚೆಂಡು ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬಾಲೂಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ೧೯೦೬ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ೧೦೯ ರನ್ನುಗಳಿಂದ ಸೋಲಿಸಿತು. ಬಾಲೂ ಇದ್ದರು, ಜೊತೆಗೆ ತಮ್ಮ ಶಿವರಾಮ್ ಇದ್ದರು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡದಲ್ಲಿ ಬಾಲೂ ೧೧೪ ವಿಕೆಟ್ ಉರುಳಿಸಿದರು. ಆದರೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ೧೯೨೩ರಲ್ಲಿ ಅವರ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ೧೯೩೭ರ ಚುನಾವಣೆಯಲ್ಲಿ ಇದೇ ಬಾಲೂ ಅವರನ್ನು ಕಾಂಗ್ರೆಸ್ಸು ಬಾಬಾಸಾಹೇಬರ ಎದುರೇ ನಿಲ್ಲಿಸಿತು. ಬಾಬಾಸಾಹೇಬರು ಗೆದ್ದರು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ನಮ್ಮವರ ಚರಿತ್ರೆಯಲ್ಲಿ ಇಂಥ ತಿರುವುಗಳೂ ಇವೆ. ಆದರೆ ಆ ಮಣ್ಣಿನ ಕುಡಿಕೆಯನ್ನು ಮರೆತು ಕ್ರಿಕೆಟ್ ಎಲ್ಲರನ್ನೂ ಒಂದು ಮಾಡಿತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

೬

ಹವ್ಯಾಸಕ್ಕೆ ಮೊದಲು ಬೇಕಾಗುವುದು ಬ್ಯಾಟೂ ಅಲ್ಲ, ಪಿಟೀಲೂ ಅಲ್ಲ. ಹೊತ್ತು ಬೇಕು. ನಾವೆಲ್ಲ ಆಕಾಶದಿಂದ ಬಿದ್ದದ್ದು ಅಂದುಕೊಂಡಿರುವ ಭಾನುವಾರದ ರಜೆಗೂ ಒಂದು ಹೋರಾಟದ ಚರಿತ್ರೆ ಇದೆ.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೂಲಿಗಳು ಸೂರ್ಯ ಹುಟ್ಟುವಾಗ ಒಳಗೆ ಹೋದರೆ ಮುಳುಗಿದ ಮೇಲೆ ಹೊರಗೆ. ವಾರದ ರಜೆ ಅನ್ನೋದು ಇಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ ‘ದೀನಬಂಧು’ ಪತ್ರಿಕೆ ನಡೆಸುತ್ತಿದ್ದರು. ೧೮೮೪ರಲ್ಲಿ ಗಿರಣಿ ಕೂಲಿಗಾರರ ಸಭೆ ಸೇರಿಸಿ ಸುಮಾರು ೫,೫೦೦ ಜನರ ಸಹಿಯ ಅಹವಾಲು ಸಿದ್ಧ ಮಾಡಿದರು. ಭಾನುವಾರ ರಜೆ ಕೊಡಿ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ, ಕೂಲಿಯನ್ನು ತಿಂಗಳ ಹದಿನೈದರೊಳಗೆ ಕೊಡಿ. ಇಷ್ಟೇ ಕೇಳಿದ್ದು. ಇಷ್ಟಕ್ಕೆ ಆರು ವರ್ಷ ಹಿಡಿಯಿತು. ೧೮೯೦ರ ಏಪ್ರಿಲ್ ೨೪ರಂದು ಹತ್ತು ಸಾವಿರ ಕೂಲಿಗಳ ಸಭೆ ಸೇರಿತು. ಅದರಲ್ಲಿ ಇಬ್ಬರು ಹೆಣ್ಣು ಕಾರ್ಮಿಕರೂ ನಿಂತು ಮಾತಾಡಿದರು. ಜೂನ್ ೧೦ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ೧೮೯೧ರ ಫ್ಯಾಕ್ಟರಿ ಕಾಯಿದೆ ವಾರದ ರಜೆಯನ್ನು ಕಾನೂನು ಮಾಡಿತು. ಭಾನುವಾರವೇ ಯಾಕೆ ಅನ್ನೋದಕ್ಕೆ ಒಂದು ಮಾತಿದೆ: ಅದು ಖಂಡೋಬನ ವಾರ. ಖಂಡೋಬ ಅಂದರೆ ನಮ್ಮ ಮೈಲಾರಲಿಂಗ. ಸಾಹೇಬರ ಚರ್ಚಿನ ದಿನವೂ ಕುರಿ ಕಾಯುವವರ ದೇವರ ದಿನವೂ ಒಂದೇ ಆಗಿತ್ತು. ಲೋಖಂಡೆಯವರು ೧೮೯೭ರಲ್ಲಿ ಪ್ಲೇಗಿಗೆ ಬಲಿಯಾದರು. ನಾವು ಭಾನುವಾರ ಎಂಟು ಗಂಟೆವರೆಗೆ ಮಲಗುತ್ತೇವೆ, ಆ ಹೆಸರು ಗೊತ್ತಿಲ್ಲ.

ಹಾಗಂತ ಆ ಗಿರಣಿಗಳೂ ಸ್ವರ್ಗ ಏನಲ್ಲ. ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಯಿಂದ ಎಳೆಯಬೇಕಿತ್ತು, ಎಂಜಲಾಗುತ್ತದೆ ಅಂತ. ಹೆಚ್ಚು ಕೂಲಿ ಸಿಗುವ ವಿಭಾಗವೇ ಅದು. ೧೯೨೮ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಕಾರ್ಮಿಕ ಐಕ್ಯತೆಯ ಘೋಷಣೆ ಕೂಗುವವರು ಈ ನೂಲನ್ನು ನೆನಪಿಟ್ಟುಕೊಂಡೇ ಕೂಗಬೇಕು.

೧೯೪೨ರಿಂದ ೧೯೪೬ರವರೆಗೆ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ೧೯೩೪ರ ಕಾಯಿದೆಯಲ್ಲಿ ವಾರಕ್ಕೆ ೫೪ ಗಂಟೆ ಇದ್ದ ದುಡಿಮೆಯನ್ನು ೧೯೪೬ರ ತಿದ್ದುಪಡಿ ೪೮ ಗಂಟೆಗೆ ಇಳಿಸಿತು. ವಾರಕ್ಕೆ ಆರು ಗಂಟೆ. ಚಿಕ್ಕದಾಗಿ ಕಾಣುತ್ತದೆ. ಲಕ್ಷಾಂತರ ಜನರ ಮನೆಗಳಿಗೆ ಆರಾರು ಗಂಟೆ ಬೆಳಕು ಬಂದಂತೆ ಅದು. ಬಾಬಾಸಾಹೇಬರು ಈ ಗಂಟೆಗಳ ಬೆಲೆ ತಿಳಿದವರು. ಪುಸ್ತಕ ಇಡುವುದಕ್ಕಾಗಿ ಮುಂಬಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದವರು. ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕೂತವರು. ನಮ್ಮ ಊರಿನ ಪ್ರತಿಮೆಗಳಲ್ಲಿ ಅವರ ಕೈಯಲ್ಲಿ ಸಂವಿಧಾನ ಇದೆ, ಇರಲಿ. ಮಂಡಿಯ ಮೇಲೆ ಪಿಟೀಲು ಇಟ್ಟುಕೊಂಡು ಶ್ರುತಿ ಹುಡುಕುವ ಅಂಬೇಡ್ಕರರೂ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಈಗ ಗಾಳಿ ಹಿಂದಕ್ಕೆ ಬೀಸುತ್ತಿದೆ. ೨೦೨೩ರಲ್ಲಿ ಕರ್ನಾಟಕದ ತಿದ್ದುಪಡಿ, ವಾರದ ೪೮ ಗಂಟೆಯ ಮಿತಿ ಇಟ್ಟುಕೊಂಡೇ, ದಿನದ ದುಡಿಮೆಯನ್ನು ೧೨ ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ದೊಡ್ಡ ಕಂಪನಿಗಳ ಯಜಮಾನರು ವಾರಕ್ಕೆ ೭೦ ಗಂಟೆ ದುಡಿಯಿರಿ ಅಂತ ಯುವಕರಿಗೆ ಬುದ್ಧಿ ಹೇಳುತ್ತಾರೆ. ಜಗಲಿ ಬದಲಾಗಿದೆ. ‘ಏನ್ಲಾ, ಸೋಕಿ ಜಾಸ್ತಿ ಆಯ್ತಾ?’ ಅನ್ನೋ ದನಿ ಅದೇ.

೭

ನನ್ನ ಗೆಳೆಯ ಸೋಮವಾರದಿಂದ ಶನಿವಾರದವರೆಗೆ ವಿದ್ಯಾರ್ಥಿ. ಭಾನುವಾರ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದ. ದಿನಕ್ಕೆ ೪೫೦ ರೂಪಾಯಿ. ಸೋಮವಾರ ಕ್ಲಾಸಿಗೆ ಬಂದಾಗ ಮೊಣಕೈ ಮೇಲೆ ಬಣ್ಣದ ಚುಕ್ಕಿಗಳು ಉಳಿದಿರುತ್ತಿದ್ದವು. ‘ಏನಪ್ಪ, ಹೋಳಿ ಆಡ್ಕಂಡು ಬಂದಿದ್ದೀಯ?’ ಅಂತ ಒಬ್ಬ ಅಧ್ಯಾಪಕರು ಕೇಳಿದರು. ಕ್ಲಾಸು ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಇದ್ದರೆ ಈ ಲೇಖನ ಸುಳ್ಳಾಗುತ್ತದೆ.

೨೦೨೦ರ ಫೆಬ್ರವರಿ. ಕೊನೆಯ ವರ್ಷ. ಒಂದು ಭಾನುವಾರ ಮೂರನೇ ಅಂತಸ್ತಿನ ಹೊರಗೋಡೆಗೆ ಬಣ್ಣ ಹೊಡೆಯುವಾಗ ಸಾರ್ವೆಯ ಮರ ಜರುಗಿ ಬಿದ್ದ. ಸೊಂಟಕ್ಕೆ ಹಗ್ಗ ಇರಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಮೇಸ್ತ್ರಿ ಅವನ ಅವ್ವನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು 
ಒತ್ತಿಸಿಕೊಂಡ. ಕಾಲೇಜಿನಲ್ಲಿ ಎರಡು ನಿಮಿಷ ಮೌನ ಆಚರಿಸಿದರು. ಅಪ್ಪ ತಮಟೆ ಮುಟ್ಟಲಿಲ್ಲ. ಪಕ್ಕದೂರಿನವರು ಬಂದು ಬಡಿದರು.

ಕಟ್ಟಡ ಕಾರ್ಮಿಕರಿಗೆ ಆಗ ೧೯೯೬ರ ಕಾಯಿದೆ ಇತ್ತು. ಏಳು ದಿನಕ್ಕೊಂದು ದಿನ ರಜೆ ಅಂತ ಅದರಲ್ಲೂ ಇತ್ತು. ನೋಂದಣಿ ಇದ್ದವರಿಗೆ ಮಂಡಳಿಯಿಂದ ನೆರವೂ ಇದೆ. ಇವನ ನೋಂದಣಿ ಇರಲಿಲ್ಲ, ಇವನು ವಿದ್ಯಾರ್ಥಿ ಅಲ್ಲವಾ! ಕಾಲೇಜಿನ ರಿಜಿಸ್ಟರಿನಲ್ಲಿ ಭಾನುವಾರ ಇವನಿಗೆ ರಜೆ. ಮೇಸ್ತ್ರಿಯ ಲೆಕ್ಕದಲ್ಲಿ ಆರು ದಿನ ಇವನಿಗೆ ಕೆಲಸವೇ ಇಲ್ಲ. ಎರಡೂ ಪುಸ್ತಕ ಸರಿಯಾಗೇ ಇವೆ. ಎರಡರ ನಡುವೆ ಏಳು ದಿನವೂ ದುಡಿದವನು ಯಾವ ಪುಸ್ತಕದಲ್ಲೂ ಇಲ್ಲ. ಮೊದಲ ತಲೆಮಾರಿನ ಪದವೀಧರರು ಅಂತ ನಮ್ಮನ್ನು ಹೊಗಳುತ್ತಾರೆ. ಆ ಪದವಿಗೆ ನಾವು ಕಟ್ಟಿದ ಫೀಜು ಯಾವ ದಿನಗಳಿಂದ ಬಂತು ಅಂತ ಕೇಳುವವರಿಲ್ಲ.

ಅವನ ಟ್ರಂಕನ್ನು ಊರಿಗೆ ತಲುಪಿಸಿದವನು ನಾನು. ಒಳಗೆ ಒಂದು ನೋಟ್‌ಬುಕ್ಕಿತ್ತು. ಹಿಂದಿನ ಹಾಳೆಗಳಲ್ಲಿ ಭಾನುವಾರಗಳ ಲೆಕ್ಕ. ತಾರೀಕು, ಎದುರಿಗೆ ೪೫೦. ತಾರೀಕು, ೪೫೦. ಪರೀಕ್ಷೆ ಫೀಜು ಇಷ್ಟು, ಅವ್ವನ ಔಷಧಿಗೆ ಇಷ್ಟು. ೨೦೨೦ರ ಜನವರಿ ೧೨, ಭಾನುವಾರ. ಅದರ ಎದುರಿಗೆ ದುಡ್ಡಿಲ್ಲ. ಒಂದು ಗೀಟು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ‘ಈ ವಾರ ಕೆಲ್ಸಕ್ಕೆ ಹೋಗಲ್ಲ ಕಣ್ಲಾ, ಬಾ’ ಅಂತ ನನ್ನನ್ನು ಎಬ್ಬಿಸಿಕೊಂಡು ಚಿಕ್ಕಲ್ಲೂರು ಜಾತ್ರೆಗೆ ಹೋದ. ಸಿದ್ದಪ್ಪಾಜಿಯ ಗದ್ದುಗೆ ಹತ್ತಿರ ನೂಕುನುಗ್ಗಲು. ಒಂದು ಹುಣಿಸೆಮರದ ಕೆಳಗೆ ನೀಲಗಾರರು ಕತೆ ಎತ್ತಿದ್ದರು. ಬೆಳಗಿನ ಜಾವದವರೆಗೆ ಕೂತೆವು. ನನಗೆ ತೂಕಡಿಕೆ. ಅವನ ಬೆರಳುಗಳು ಮಾತ್ರ ಮಂಡಿ ಮೇಲೆ ಆಡುತ್ತಲೇ ಇದ್ದವು. ಯಾರೂ ಅವನಿಗೆ ಬಡಿ ಅಂತ ಹೇಳಿರಲಿಲ್ಲ. ಯಾರೂ ಕಪ್ಪು ಕೊಡುವವರಿರಲಿಲ್ಲ.

ಆ ಗೀಟಿಗೆ ನಾನು ಏನೇನೋ ಅರ್ಥ ಕಟ್ಟಬಹುದು. ಅವನ ಲೆಕ್ಕದಲ್ಲಿ ಅದಕ್ಕಿದ್ದ ಅರ್ಥ ಇಷ್ಟೇ: ಇವತ್ತು ಕೂಲಿ ಇಲ್ಲ.

೮

ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ನೀವೂ ಮಕ್ಕಳಿಂದ ಇಂಥ ಅರ್ಜಿಗಳನ್ನು ತುಂಬಿಸುತ್ತೀರಿ. ಹವ್ಯಾಸದ ಕಾಲಂ ಬಂದಾಗ ‘ಅಂಚೆಚೀಟಿ ಸಂಗ್ರಹ’ ಅಂತ ನೀವೇ ಹೇಳಿ ಬರೆಸಬೇಡಿ. ಅಂಚೆಚೀಟಿ ಬರುವ ಮನೆ ಅಲ್ಲ ನಮ್ಮದು. ಸ್ವಲ್ಪ ಹೊತ್ತು ಕಾಯಿರಿ. ಭಾನುವಾರ ಏನು ಮಾಡಿದೆ ಅಂತ ಮೊದಲು ಕೇಳಿ. ದನ ಮೇಯಿಸಿದೆ, ಇಟ್ಟಿಗೆ ಹೊತ್ತೆ, ಅವ್ವನ ಜೊತೆ ಗೌಡರ ಮನೆ ಪಾತ್ರೆ ತೊಳೆದೆ ಅಂತ ಹೇಳಿಯಾರು. ಹೆಣ್ಣುಮಕ್ಕಳನ್ನು ಎರಡು ಸಲ ಕೇಳಿ. ಅವರು ಮಾಡಿದ್ದನ್ನು ಅವರೇ ಕೆಲಸ ಅಂತ ಎಣಿಸಿರುವುದಿಲ್ಲ. ನನ್ನ ಅವ್ವನ ಹವ್ಯಾಸ ಏನು ಅಂತ ನಾನು ಇಪ್ಪತ್ತು ವರ್ಷ ಕೇಳಿರಲಿಲ್ಲ. ಮೊನ್ನೆ ಕೇಳಿದೆ. ‘ಹಂಗಂದ್ರೆ?’ ಅಂದಳು. ಬಿಡಿಸಿ ಹೇಳಿದೆ. ಬಹಳ ಹೊತ್ತು ಯೋಚನೆ ಮಾಡಿ, ‘ಸುಮ್ನೆ ಕೂತ್ಕಳಾದು ಅಂದ್ರೆ ನಂಗೆ ಇಷ್ಟ ಕನಪ್ಪ’ ಅಂದಳು.

ಸಂಘಟನೆಯ ಗೆಳೆಯರಿಗೆ ಇನ್ನೊಂದು ಮಾತು. ಭೂಮಿ ಕೇಳಿದ್ದೇವೆ, ನೀರು ಕೇಳಿದ್ದೇವೆ, ಕೂಲಿ ಕೇಳಿದ್ದೇವೆ, ಹಾಸ್ಟೆಲ್ ಕೇಳಿದ್ದೇವೆ. ಕೇಳುತ್ತಲೇ ಇರಬೇಕು. ಜೊತೆಗೆ ಹೊತ್ತನ್ನೂ ಕೇಳಬೇಕು. ಹಾಸ್ಟೆಲ್ಲಿನ ಹುಡುಗ ಭಾನುವಾರ ಸಾರ್ವೆ ಹತ್ತದಿರುವಷ್ಟು ವಿದ್ಯಾರ್ಥಿವೇತನ ಬೇಕು, ಅದು ವರ್ಷದ ಕೊನೆಗಲ್ಲ, ತಿಂಗಳು ತಿಂಗಳು ಕೈಗೆ ಬರಬೇಕು. ಲೋಖಂಡೆ ೧೮೮೪ರಲ್ಲಿ ಕೇಳಿದ್ದು ಇದನ್ನೇ: ಒಂದು ಭಾನುವಾರ, ಹೊತ್ತಿಗೆ ಸರಿಯಾಗಿ ದುಡ್ಡು.

ಅವನ ಟ್ರಂಕು ಈಗ ಅವನ ಊರಿನ ಮನೆಯಲ್ಲಿದೆ. ಅವ್ವ ಅದರಲ್ಲಿ ರಾಗಿ ತುಂಬಿದ್ದಾಳೆ. ಹೋದಾಗ ನಾನು ಅದರ ಮೇಲೆಯೇ ಕೂರುತ್ತೇನೆ. ಕಳೆದ ಸಲ ಅವನ ಅಕ್ಕನ ಮಗ, ಆರು ವರ್ಷದವನು, ಬಂದು ಅದರ ಪಕ್ಕೆಗೆ ಎರಡು ಕೈಯಲ್ಲಿ ಬಡಿಯಲು ಶುರು ಮಾಡಿದ. ತಾತ ಬಾಗಿಲಲ್ಲಿ ಕೂತಿದ್ದರು. ಬೈಯುತ್ತಾರೇನೋ ಅಂತ ನೋಡಿದೆ. ಬೈಯಲಿಲ್ಲ. ‘ಹಂಗಲ್ಲ ಮೊಗ, ಬೆರಳು ಸಡಿಲ ಬುಡು’ ಅಂದರು.